ಟೊಂಕಕ್ಕ ಬೇಕಾದದ್ದು ಸಪ್ಪಳ ಅಲ್ಲ

ಈ ಸಲ ನಾ ಅಡಗಿ ಬಗ್ಗೆ ಬರಿಯಂಗಿಲ್ಲ, ಹಬ್ಬದ ಬಗ್ಗೆನೂ ಬರಿಯಂಗಿಲ್ಲ. ಈ ಸಲ ಜಗಳಕ್ಕ ಬಂದೀನಿ. ಯಾರ ಜೊತಿಗೆ ಅಂತ ಕೇಳಿದ್ರ, ಮೂರು ಥರದ ಮಂದಿ ಜೊತಿಗೆ ಅನ್ರಿ. ಒಂದನೇದವರು, ಫೋನಿನ್ಯಾಗ ಯಾರದೋ ಕುತ್ತಿಗಿ ಕಟ್ ಅನ್ನಿಸಿದ್ದು ನೋಡಿ "ಅವ್ವಾ, ನಿನಗೂ ಇದನ್ನ ಮಾಡಸೂಣು" ಅನ್ನೋ ಮಕ್ಕಳು. ಎರಡನೇದವರು, ಎಕ್ಸ್‌ರೇ ಮ್ಯಾಲೆ ಕೆಂಪು ಗೆರಿ ಎಳದು "24 ಸಿಟಿಂಗ್ ಆಗಬೇಕು, ಅಡ್ವಾನ್ಸ್ ಕಟ್ಟರಿ" ಅನ್ನೋ ಅಂಗಡಿಕಾರರು. ಮೂರನೇದವರು, ಎಲ್ಲಾರಿಗಿಂತ ಗಟ್ಟಿ ಮಂದಿ, "ಈ ವಯಸ್ಸಿಗೆ ಹೆಂಗಸರಿಗೆ ಟೊಂಕ ನೋವು ಇರೋದ ಬಿಡು" ಅಂತಂದು ಟಿವಿ ಕಡೆ ತಿರುಗೋ ನಮ್ಮ ನಮ್ಮ ಮನಿಯವರು.

ನಾನು ಪಿಯುಸಿ ತನಕ ಓದಿದಾಕಿ. ಡಾಕ್ಟರ್ ಅಲ್ಲ, ನರ್ಸೂ ಅಲ್ಲ. ಆದ್ರ ಮೂವತ್ತೆರಡು ವರ್ಷದಿಂದ ಒಂದ ಅಡಗಿ ಮನ್ಯಾಗ ನಿಂತೀನಿ, ನನ್ನ ಟೊಂಕದ ಜೊತಿಗೆ ನನಗ ಇರೋ ಪರಿಚಯ ಮತ್ತ ಯಾರಿಗೂ ಇಲ್ಲ. ನಮ್ಮಣ್ಣನ ಮಗಳು ಫಿಜಿಯೋಥೆರಪಿ ಓದ್ಯಾಳ. ಆಕಿ ಹೇಳಿದ್ದು, ಓದಿಸಿದ್ದು, ನಾ ಕಣ್ಣಾರೆ ನೋಡಿದ್ದು, ಎಲ್ಲಾ ಕೂಡಿಸಿ ಬರೀಲಿಕ್ಕತ್ತೀನಿ. ಓಣಿಯ ಕಾಕುಗೋಳು, ನಮ್ಮ ವೈನಿಯಂದಿರು, ಮೌಶಿ ಮಕ್ಕಳು ಎಲ್ಲಾರೂ ಕೂತು ಓದ್ರಿ. ಕೂತು ಓದ್ರಿ ಅಂದೆ, ಆದ್ರ ಅರ್ಧ ತಾಸಿಗೊಮ್ಮೆ ಎದ್ದು ನಾಕು ಹೆಜ್ಜಿ ಅಡ್ಡಾಡ್ರಿ.

ಮೊದಲು ಆ ಕಟ್ ಅನ್ನೋ ಸಪ್ಪಳದ ಕಥಿ ಮುಗಿಸೂಣು. ನಮ್ಮ ಮಂದಿಗೆ ಸಪ್ಪಳ ಅಂದ್ರ ಭಾಳ ಪ್ರೀತಿ. ಒಗ್ಗರಣಿ ಚಟಪಟ ಅನಬೇಕು, ಕುಕ್ಕರ್ ಸೀಟಿ ಹೊಡೀಬೇಕು, ಟೊಂಕ ಕಟ್ ಅನಬೇಕು. ಆಗ ಏನೋ ಆಯ್ತು ಅಂತ ಸಮಾಧಾನ. ಎಲಬು ತನ್ನ ಜಾಗಾಕ್ಕ ಹೋಗಿ ಕೂತು ಸಪ್ಪಳ ಮಾಡ್ತು ಅಂತ ಎಲ್ಲಾರೂ ನಂಬ್ಯಾರ. ಹಂಗೇನೂ ಇಲ್ರಿ. ಕೀಲಿನೊಳಗ ಅಂಟು ಅಂಟು ನೀರು ಇರ್ತದ. ಕೀಲನ್ನ ಫಟ್ಟನೆ ಎಳದಾಗ ಆ ನೀರಿನ್ಯಾಗ ಗಾಳಿ ಗುಳ್ಳಿಯಂಥಾದೊಂದು ಪೊಳ್ಳು ಹುಟ್ಟತದ, ಸಪ್ಪಳ ಅದರದು. 2015ರಾಗ ಕೆನಡಾದ ಅಲ್ಬರ್ಟಾ ವಿದ್ಯಾಪೀಠದವರು ಎಂಆರ್‌ಐ ಮಷಿನ್ನಿನೊಳಗ ಒಬ್ಬರ ಬೆರಳ ನೆಟಿಗಿ ಮುರಿಸಿ ಇದನ್ನ ಕಣ್ಣಿಗೆ ಕಾಣೋ ಹಂಗ ಹಿಡದು ತೋರಿಸ್ಯಾರ. ನಾವು ಮಕ್ಕಳಿಗೆ ದೃಷ್ಟಿ ತಗದು ಬೆರಳು ಹಣಿಗೆ ಒತ್ತಿದಾಗ ಬರ್ತದಲ್ಲ ಲಟಲಟ, ಅದ ಸಪ್ಪಳ ಇದು. ಅದಕ್ಕ ಯಾರೂ ಫೀ ಕೊಟ್ಟಿಲ್ಲ.

ನೆಟಿಗಿ ಮುರದ್ರ ಕೀಲು ಸವೀತಾವ ಅಂತ ಹೆದರಸೋದೂ ಸುಳ್ಳ. ಅಮೇರಿಕಾದಾಗ ಡೊನಾಲ್ಡ್ ಅಂಗರ್ ಅನ್ನೋ ಡಾಕ್ಟರ್ 60 ವರ್ಷಕ್ಕೂ ಹೆಚ್ಚು ಕಾಲ ಒಂದ ಕೈಯಿಂದು ಅಷ್ಟ ನೆಟಿಗಿ ಮುರದು, ಇನ್ನೊಂದು ಕೈ ಮುಟ್ಟದ ಬಿಟ್ಟು, ಕಡೀಕ ಎರಡೂ ಕೈ ಒಂದ ಥರ ಅವ, ಸಂಧಿವಾತ ಯಾವುದಕ್ಕೂ ಬಂದಿಲ್ಲ ಅಂತ ಬರದ್ರು. ಅದಕ್ಕ ಅವರಿಗೆ 2009ರಾಗ ನಗಿಸೋ ನೊಬೆಲ್ ಅಂತ ಕರಿಯೋ ಇಗ್ ನೊಬೆಲ್ ಕೊಟ್ಟರು. ಇದನ್ನ ಯಾಕ ಹೇಳಿದೆ ಅಂದ್ರ, ಸಪ್ಪಳ ಬಂದ್ರ ಕೆಟ್ಟದ್ದೂ ಅಲ್ಲ, ಬಂದ್ರ ವಾಸಿ ಆಯ್ತು ಅಂತನೂ ಅಲ್ಲ. ಸಪ್ಪಳ ಸಪ್ಪಳ ಅಷ್ಟ.

ಇನ್ನ ಈ ವಿದ್ಯಾ ಎಲ್ಲಿಂದ ಬಂತು ಅನ್ನೋದು. ಕೈರೋಪ್ರ್ಯಾಕ್ಟಿಕ್ ಅಂತ ಹೆಸರು. ಹುಟ್ಟಿದ್ದು 1895ರಾಗ, ಅಮೇರಿಕಾದ ಅಯೋವಾ ರಾಜ್ಯದ ಡ್ಯಾವನ್‌ಪೋರ್ಟ್ ಅನ್ನೋ ಊರಾಗ. ಡಿ. ಡಿ. ಪಾಮರ್ ಅಂತ ಒಬ್ಬರು ಆಯಸ್ಕಾಂತದ ಶಕ್ತಿಯಿಂದ ರೋಗ ವಾಸಿ ಮಾಡ್ತೀನಿ ಅಂತ ಕೂತಿದ್ದರು. ಆ ಕಟ್ಟಡದ ಕಸ ಹೊಡಿಯೋ ಹಾರ್ವೆ ಲಿಲ್ಲಾರ್ಡ್‌ಗೆ ಕಿವಿ ಕೇಳ್ತಿರಲಿಲ್ಲ. ಅವನ ಬೆನ್ನಾಗಿನ ಒಂದು ಎಲಬು ಒತ್ತಿದೆ, ಕಿವಿ ಬಂತು ಅಂದ್ರು ಪಾಮರ್. ಅಲ್ಲಿಂದ ಮುಂದ ನೂರಕ್ಕ ತೊಂಬತ್ತೈದು ರೋಗ ಬೆನ್ನೆಲಬು ಸರದದ್ದರಿಂದನ ಬರ್ತಾವ ಅಂತ ಸಾರಿದರು. ಕಿವಿಯ ನರ ಕಿವಿಯಿಂದ ಸೀದಾ ಮಿದುಳಿಗೆ ಹೋಗ್ತದ, ಬೆನ್ನಿಗೆ ಬಂದು ಹೋಗಂಗಿಲ್ಲ ಅಂತ ಇವತ್ತ ಹೈಸ್ಕೂಲ್ ಹುಡುಗರಿಗೂ ಗೊತ್ತದ. ಆದ್ರೂ ಆ ತೊಂಬತ್ತೈದರ ಮಾತು ಇನ್ನೂ ಸತ್ತಿಲ್ಲ. ನಮ್ಮ ಊರ ಕಡೆ ಬೋರ್ಡ್ ನೋಡ್ರಿ, ಟೊಂಕ ನೋವಿನ ಕೆಳಗ ಸಕ್ಕರಿ ಕಾಯಿಲೆ, ಥೈರಾಯ್ಡ್, ನಿದ್ದಿ ಬರದಿದ್ದದ್ದು ಎಲ್ಲಾ ಬರದಿರ್ತಾರ. ಯಾವ ಬೋರ್ಡಿನ ಮ್ಯಾಲೆ ಸಕ್ಕರಿ ಕಾಯಿಲೆ ಬೆನ್ನು ಒತ್ತಿ ವಾಸಿ ಅಂತ ಬರದದ, ಆ ಮೆಟ್ಟಲಾ ಹತ್ತಬ್ಯಾಡ್ರಿ. ಟೊಂಕ ನೋವಿಗೂ ಹತ್ತಬ್ಯಾಡ್ರಿ.

ಆದ್ರ ನಾ ಪೂರ್ತಿ ವಿದ್ಯಾನ ಬೈಲಿಕ್ಕೆ ಬಂದಿಲ್ಲ. ನೂರಾ ಮೂವತ್ತು ವರ್ಷದಾಗ ಅವರೊಳಗೂ ಶಾಣ್ಯಾರು ಹುಟ್ಯಾರ. ಮೆತ್ತನ ಕೈಯವರು ಅಂತ ಒಂದು ಪಂಗಡ ಅದ. ತಿರುವಂಗಿಲ್ಲ, ಮುರಿಯಂಗಿಲ್ಲ, ಮ್ಯಾಲೆ ಬಿದ್ದು ಒತ್ತಂಗಿಲ್ಲ. ನನ್ನ ಮೌಶಿ ಮಗಳು ಅಮೇರಿಕಾದಾಗ ಇರ್ತಾಳ, ಡಲ್ಲಾಸ್ ಹತ್ತರ. ಆಕಿ ಮನಿಗೆ ಹೋದಾಗ ಆಕಿ ಜೊತಿಗೆ ಹೋಗಿ ಕೂತು ನೋಡೀನಿ. ಅವರ ಕೈಯಾಗ ಒಂದು ಸಾಮಾನು ಇತ್ತು, ಸೂಜಿ ಮಾಡೋ ಸಿರಿಂಜ್ ಹಿಡದಂಗ ಹಿಡೀತಾರ, ತುದಿಗೆ ರಬ್ಬರಿನ ಗುಬಟಿ, ಒಳಗ ಸ್ಪ್ರಿಂಗ್. ಬೆನ್ನಿಗೆ ಇಟ್ಟು ಒತ್ತಿದ್ರ ಟಿಕ್ ಅಂತದ, ಬೆರಳಿನಿಂದ ಕೊಡವಿದಂಗ. ಆಕ್ಟಿವೇಟರ್ ಅಂತಾರ. 1960ರ ದಶಕದಾಗ ಮಿನೆಸೋಟಾದ ವಾರೆನ್ ಲೀ, ಆರ್ಲನ್ ಫೂರ್ ಅನ್ನೋ ಇಬ್ಬರು ಶುರು ಮಾಡಿದ್ದು. ದಿನಾ ಮಂದಿ ಬೆನ್ನು ಒತ್ತಿ ಒತ್ತಿ ಒತ್ತೋರ ಕೈಗೂ ದಣಿವು ಆಗ್ತದಲ್ಲ, ಅದಕ್ಕೂ ಇದು ಅನುಕೂಲ ಆತು.

ಇನ್ನೂ ಬ್ಯಾರೆ ಬ್ಯಾರೆ ಅವ. ಒಂದು ಟೇಬಲ್ ಇರ್ತದ, ಅದರ ಕೆಳಗಿನ ಅರ್ಧ ಭಾಗ ಮೆಲ್ಲಕ ಕೆಳಗ ಬಾಗ್ತದ, ಬೋರಲು ಮಲಗಿದವರ ಟೊಂಕ ತೊಟ್ಟಿಲು ತೂಗಿದಂಗ ಹಿಗ್ಗತದ. ಮತ್ತೊಂದು ಟೇಬಲ್ಲಿನ ತುಣುಕು ಒತ್ತಿದ ಕೂಡಲೇ ಒಂಚೂರು ಕೆಳಗ ಬೀಳ್ತದ, ಹಿಂಗಾಗಿ ಕೈಯಿಂದ ಜೋರು ಮಾಡೋ ಕೆಲಸ ಇಲ್ಲ. ಕೆಲವರು ಟೊಂಕದ ಕೆಳಗ ಬೆಣೆ ಥರದ ಮೆತ್ತನ ತುಂಡು ಇಟ್ಟು ಸುಮ್ನ ಮಲಗಸ್ತಾರ. ಇವೆಲ್ಲಾ ಕಮ್ಮಿ ಒತ್ತಡದ ಪದ್ಧತಿ.

ಇದನ್ನ ನೋಡಿ ನಮ್ಮ ಮಂದಿ ಏನಂತಾರ? "ಅಯ್ಯ, ಸುಮ್ನ ಟಿಕ್ ಟಿಕ್ ಅನ್ನಿಸಿ ರೊಕ್ಕ ತಗೊಂಡ್ರು!" ಜೋರಾಗಿ ಕುತ್ತಿಗಿ ತಿರುವಿ ಕಣ್ಣಾಗ ನೀರು ತರಿಸಿದವನು ಗಟ್ಟಿ ವೈದ್ಯ, ಮೆತ್ತಗ ಮುಟ್ಟಿದವನು ಮೋಸಗಾರ. ನೋವು ಕೊಟ್ರನ ನೋವು ಹೋಗ್ತದ ಅನ್ನೋ ಬುದ್ಧಿ ನಮಗ ಸಣ್ಣಾವ್ರಿದ್ದಾಗಿಂದ ಬಂದದ. ಟೊಂಕ ಹಿಡಕೊಂಡ್ರ ಕಾಲು ಮುಂದಾಗಿ ಹುಟ್ಟಿದವರ ಕಡಿಂದ ಒದಿಸಿಕೊಳ್ಳೋ ಮಂದಿ ನಾವು. ಕಹಿ ಇದ್ರ ಔಷಧ, ಉರದ್ರ ಮುಲಾಮು. ಇದಕ್ಕ ನನ್ನ ವಿರೋಧ ಅದ.

ಯಾಕ ಅದ ಅಂತ ಕುತ್ತಿಗಿಯಿಂದ ಹೇಳ್ತೀನಿ. ಕುತ್ತಿಗಿ ಎಲಬಿನ ತೂತಿನೊಳಗಿಂದ ಮಿದುಳಿಗೆ ರಕ್ತ ಒಯ್ಯೋ ನಾಳ ಹಾದು ಹೋಗ್ತಾವ. ಕುತ್ತಿಗಿನ್ನ ಫಟ್ಟನೆ ತಿರುವಿದಾಗ, ಅಪರೂಪಕ್ಕ, ಆ ನಾಳದ ಒಳಗಿನ ಪದರು ಹರೀಬಹುದು. ಹರದ ಕಡೆ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದ್ರ ಪಾರ್ಶ್ವವಾಯು. 2014ರಾಗ ಅಮೇರಿಕನ್ ಹಾರ್ಟ್ ಅಸೋಸಿಯೇಷನ್ನಿನವರು ಇದನ್ನೆಲ್ಲಾ ಕೂಡಿಸಿ ನೋಡಿ, ತಿರುವಿದ್ದರಿಂದನ ಹರೀತು ಅಂತ ಪಕ್ಕಾ ಸಿದ್ಧ ಆಗಿಲ್ಲ, ಆದ್ರ ಎರಡಕ್ಕೂ ಸಂಬಂಧ ಕಾಣಸ್ತದ, ಹಿಂಗಾಗಿ ಕುತ್ತಿಗಿ ಮುಟ್ಟೋಕಿಂತ ಮೊದಲು ರೋಗಿಗೆ ಈ ಮಾತು ಹೇಳಬೇಕು ಅಂದ್ರು. ನಮ್ಮ ಕಡೆ ಯಾರು ಹೇಳ್ತಾರ? ಅದ 2024ರಾಗ ಪೇಪರಿನ್ಯಾಗ ಬಂದಿತ್ತು, ಬಳ್ಳಾರಿ ಕಡೆಯ 30 ವರ್ಷದ ಹುಡುಗ ಸಲೂನಿನ್ಯಾಗ ತಲಿ ಮಸಾಜ್ ಮಾಡಿಸಿಕೊಂಡ, ಕುತ್ತಿಗಿ ತಿರುವಿದರು, ಮನಿಗೆ ಹೋದ ಮ್ಯಾಲೆ ಮಾತು ತೊದಲಿತು, ಎಡಗಡೆ ಸೋತಿತು. ದವಾಖಾನ್ಯಾಗ ನೋಡಿದ್ರ ಕುತ್ತಿಗಿಯ ರಕ್ತನಾಳ ಹರದಿತ್ತು. 30 ವರ್ಷದ ಗಟ್ಟಿ ಹುಡುಗನ ಪರಿಸ್ಥಿತಿ ಹಂಗಾದ್ರ, ಬಿಪಿ ಗುಳಿಗಿ ನುಂಗೋ ನಾವು ಯಾಕ ಕುತ್ತಿಗಿ ಕೊಡಬೇಕು? ಅಪರೂಪ ಅಂತ ನೀವು ಅನಬಹುದು. ಹೌದು, ಅಪರೂಪ. ಆದ್ರ ಲಾಭ ಇಷ್ಟ ಇಷ್ಟು ಇದ್ದಾಗ ಅಪರೂಪದ ಲುಕ್ಸಾನೂ ಭಾಳ ಆತು.

ಎರಡನೇದು ಎಲಬು. ಮುಟ್ಟು ನಿಂತ ಮ್ಯಾಲೆ ಹೆಂಗಸರ ಎಲಬು ಜಲ್ದಿ ಜಲ್ದಿ ಪೊಳ್ಳಾಗತಾವ. ಹೊರಗಿಂದ ಗೊತ್ತಾಗಂಗಿಲ್ಲ, ನೋಯಂಗಿಲ್ಲ. ಒಳಗ ಗೆದ್ದಲ ಹತ್ತಿದ ಬಾಗಲದಂಗ ನಿಂತಿರ್ತದ, ಮುಟ್ಟಿದಾಗ ಗೊತ್ತಾಗ್ತದ. ಅಂಥಾ ಬೆನ್ನಿನ ಮ್ಯಾಲೆ ಒಬ್ಬ ದಪ್ಪ ಮನುಷ್ಯಾ ಎರಡೂ ಕೈ ಇಟ್ಟು ಧಡಕ್ಕನೆ ಒತ್ತಿದ್ರ ಏನಾಗಬಹುದು ಅಂತ ನೀವ ಹೇಳ್ರಿ.

ನಮ್ಮ ನಾದಿನಿ ಕಥಿ ಹೇಳ್ತೀನಿ. ಆಕಿಗೆ 61. ಬೆಂಗಳೂರಾಗ ಮಗನ ಮನ್ಯಾಗ ಇರ್ತಾಳ. ಮಗ ಒಳ್ಳೆಯಾಂವ, ಅವ್ವನ ಟೊಂಕ ನೋವು ನೋಡಲಿಕ್ಕಾಗದ ಒಂದು ಕಡೆ ಬುಕ್ ಮಾಡಿದ. ನಾ ಆಗ ಅಲ್ಲೇ ಇದ್ದೆ, ಜೊತಿಗೆ ಹೋದೆ. ಹೋದ ಕೂಡಲೇ ಎಕ್ಸ್‌ರೇ. ಎಕ್ಸ್‌ರೇ ಮ್ಯಾಲೆ ಗೆರಿ. "ಆಂಟಿ, ನಿಮ್ಮ ಬೆನ್ನು ಪೂರ್ತಿ ಲೈನ್ ಬಿಟ್ಟದ, ಈಗ ಮಾಡಿಸಲಿಲ್ಲ ಅಂದ್ರ ಇನ್ನೆರಡು ವರ್ಷಕ್ಕ ಹಾಸಿಗಿ ಹಿಡೀತೀರಿ." ಆಕಿ ಮುಖ ಬಿಳಚಿಗೊಂತು. 24 ಸಿಟಿಂಗ್, ಇವತ್ತ ಪೂರ್ತಿ ರೊಕ್ಕ ಕಟ್ಟಿದ್ರ ರಿಯಾಯ್ತಿ. ಸೀರಿ ಸೇಲಿನ್ಯಾಗ ಅಂದಂಗ ಅಂದ್ರು.

ನಾ ಮೂರು ಪ್ರಶ್ನೆ ಕೇಳಿದೆ. ಒಂದು, ಎಲಬಿನ ಗಟ್ಟಿತನದ ಪರೀಕ್ಷಾ, ಡೆಕ್ಸಾ ಅಂತಾರಲ್ಲ, ಅದನ್ನ ಯಾಕ ಕೇಳಲಿಲ್ಲ? ಎರಡು, ರಕ್ತ ತೆಳು ಮಾಡೋ ಗುಳಿಗಿ ತಗೋತಾರೇನು ಅಂತ ಯಾಕ ಕೇಳಲಿಲ್ಲ? ಮೂರು, ನೀವು ಓದಿದ್ದು ಏನು, ಎಷ್ಟು ವರ್ಷ? ಮೂರನೇ ಪ್ರಶ್ನೆಗೆ ಆ ಹುಡುಗ "ಸರ್ಟಿಫೈಡ್ ಇದ್ದೀನಿ ಮೇಡಂ" ಅಂದ. ಯಾರಿಂದ ಸರ್ಟಿಫೈಡ್ ಅಂದ್ರ ಮಾತು ತಿರುಗಿಸಿದ. ನಾವು ಎದ್ದು ಬಂದ್ವಿ. ಆಮ್ಯಾಲೆ ಡೆಕ್ಸಾ ಮಾಡಿಸಿದ್ರ ನಾದಿನಿ ಟೊಂಕದ ಎಲಬು ಪೊಳ್ಳು ಅಂತ ಬಂತು. ಆ ಟೇಬಲ್ಲಿನ ಮ್ಯಾಲೆ ಆಕಿನ್ನ ಮಲಗಿಸಿದ್ರ ಏನಾಗ್ತಿತ್ತು ಅಂತ ನೆನಸಿಕೊಂಡ್ರ ಇವತ್ತಿಗೂ ಕೈಕಾಲು ತಣ್ಣಗಾಗ್ತಾವ.

ಓದಿನ ಮಾತು ಬಂತಲ್ಲ, ಕೇಳ್ರಿ. ಅಮೇರಿಕಾದಾಗ ಕೈರೋಪ್ರ್ಯಾಕ್ಟರ್ ಆಗಬೇಕಂದ್ರ ಕಾಲೇಜು ಆದ ಮ್ಯಾಲೆ ಮತ್ತ ಸುಮಾರು ನಾಕು ವರ್ಷ ಓದಬೇಕು, 50 ರಾಜ್ಯದಾಗೂ ಲೈಸೆನ್ಸ್ ಬೇಕು. ನಮ್ಮಲ್ಲಿ ಶನಿವಾರ ಭಾನುವಾರದ ಕೋರ್ಸ್ ಮಾಡಿದವರೂ ಸೋಮವಾರ ಬೋರ್ಡ್ ಹಾಕ್ಕೊಳ್ಳೋದು ನಡದದ. ನಮ್ಮಣ್ಣನ ಮಗಳು ಫಿಜಿಯೋಥೆರಪಿಗೆ ನಾಕೂವರಿ ವರ್ಷ ಓದ್ಯಾಳ, ಹೆಣ ಕೊಯ್ದು ನೋಡಿ ನರ ಯಾವುದು ಸ್ನಾಯು ಯಾವುದು ಅಂತ ಕಲತಾಳ. ಆಕಿ ಕಡೆ ಹೋಗೋದು ಮಂದಿಗೆ ಬ್ಯಾಡ, ಯಾಕಂದ್ರ ಆಕಿ "ಮನ್ಯಾಗ ದಿನಾ ಇಷ್ಟು ವ್ಯಾಯಾಮ ಮಾಡ್ರಿ" ಅಂತಾಳ. ಕಟ್ ಅನಸಂಗಿಲ್ಲ.

ಈಗ ಆ 24ರ ಲೆಕ್ಕ. 2014ರಾಗ ಅಮೇರಿಕಾದಾಗ 400 ಮಂದಿ ಹಳೇ ಟೊಂಕ ನೋವಿನವರನ್ನ ತಗೊಂಡು ನೋಡ್ಯಾರ. ಕೆಲವರಿಗೆ ಕೈರೋಪ್ರ್ಯಾಕ್ಟಿಕ್ ಒತ್ತುವಿಕೆ 6 ಸಲ, ಕೆಲವರಿಗೆ 12, ಕೆಲವರಿಗೆ 18, ಕೆಲವರಿಗೆ ಒಮ್ಮೆನೂ ಇಲ್ಲ. 12 ಸಲದವರಿಗೆ ಒಂಚೂರು ಹೆಚ್ಚು ಛೊಲೋ ಅನಿಸ್ತು, 18 ಮಾಡಿದ್ದರಿಂದ ಅದಕ್ಕಿಂತ ಹೆಚ್ಚೇನೂ ಸಿಗಲಿಲ್ಲ. ಅದೂ ಭಾಳ ದೊಡ್ಡ ವ್ಯತ್ಯಾಸ ಅಲ್ಲ. ಮತ್ತ ಈ 24 ಎಲ್ಲಿಂದ ಬಂತು, 36 ಎಲ್ಲಿಂದ ಬಂತು? ಅಂಗಡಿ ಬಾಡಿಗಿಯಿಂದ ಬಂತು ಅಂತ ನನ್ನ ಅನಸಿಕಿ. ನಾಕು ಸಲದಾಗ ಏನೂ ಫರಕ ಕಾಣಲಿಲ್ಲ ಅಂದ್ರ ಐದನೇ ಸಲ ಹೋಗಬ್ಯಾಡ್ರಿ. ಮುಂಗಡ ಅಂತೂ ಒಂದು ರೂಪಾಯಿ ಕಟ್ಟಬ್ಯಾಡ್ರಿ.

ಎಕ್ಸ್‌ರೇ, ಎಂಆರ್‌ಐ ನೋಡಿ ಹೆದರಬ್ಯಾಡ್ರಿ ಅಂತನೂ ಹೇಳಬೇಕು. 2015ರಾಗ ಪ್ರಕಟ ಆದ ಒಂದು ದೊಡ್ಡ ಲೆಕ್ಕದ ಪ್ರಕಾರ, ಯಾವ ನೋವೂ ಇಲ್ಲದ 50 ವರ್ಷದವರೊಳಗ ನೂರಕ್ಕ 80 ಮಂದಿಯ ಡಿಸ್ಕ್ ಸವದದ್ದು ಕಾಣಸ್ತದ. 20 ವರ್ಷದವರೊಳಗೂ ನೂರಕ್ಕ 37. ತಲಿಯೊಳಗ ಬಿಳಿಕೂದಲು ಬಂದಂಗ ಬೆನ್ನೊಳಗ ಡಿಸ್ಕ್ ಸವೀತಾವ. ಬಿಳಿಕೂದಲಾ ನೋಡಿ ಯಾರೂ ಹಾಸಿಗಿ ಹಿಡಿಯಂಗಿಲ್ಲ.

ಇಷ್ಟು ಹೇಳಿದ ಮ್ಯಾಲೆ ನನ್ನ ಪಕ್ಷದವರ ತಪ್ಪೂ ಹೇಳಬೇಕಲ್ಲ, ಇಲ್ಲಾಂದ್ರ ಜಗಳ ನ್ಯಾಯದ್ದಾಗಂಗಿಲ್ಲ. ಮೆತ್ತನ ಪದ್ಧತಿಯವರು ತಮ್ಮ ಟಿಕ್ ಅನ್ನೋ ಸಾಮಾನಿನಿಂದ ಎಲ್ಲಾ ವಾಸಿ ಅಂದ್ರ ಅದನ್ನೂ ನಂಬಬ್ಯಾಡ್ರಿ. 2015ರಾಗ ಅಮೇರಿಕಾದಾಗ ಕೈಯಿಂದ ಜೋರು ಒತ್ತೋದು, ಆಕ್ಟಿವೇಟರ್ ಥರದ ಸಾಮಾನು, ಸಾದಾ ಡಾಕ್ಟರ್ ಸಲಹಾ, ಮೂರನ್ನೂ ಹೋಲಿಸಿ ನೋಡ್ಯಾರ. ನಾಕು ವಾರದ ಹೊತ್ತಿಗೆ ಕೈಯಿಂದ ಒತ್ತಿಸಿಕೊಂಡವರು ಮುಂದಿದ್ದರು, ಸಾಮಾನಿನವರು ಡಾಕ್ಟರ್ ಸಲಹಾದವರ ಸಮಕ್ಕ ಇದ್ದರು. ಆದ್ರ ಮೂರು ತಿಂಗಳಾ, ಆರು ತಿಂಗಳಾ ಆದ ಮ್ಯಾಲೆ ನೋಡಿದ್ರ ಆ ಮುಂದಿದ್ದದ್ದೂ ಉಳದಿರಲಿಲ್ಲ. ಇದರಾಗ ನನಗ ಕಾಣಸೋದು ಇಷ್ಟ. ಗಟ್ಟಿ ಎಲಬಿನ ಮನುಷ್ಯಾಗ, ಓದಿದ ಕೈಯಿಂದ, ಟೊಂಕಕ್ಕ ಅಷ್ಟ, ಒಂದು ನಾಕು ಸಲ ಒತ್ತಿಸಿಕೊಂಡ್ರ ಸ್ವಲ್ಪ ದಿನ ಆರಾಮ ಅನಿಸಬಹುದು. ಐವತ್ತು ದಾಟಿದ ನಮಗ, ಎಲಬಿನ ಖಾತ್ರಿ ಇಲ್ಲದವರಿಗೆ, ಆ ಸ್ವಲ್ಪ ದಿನದ ಆರಾಮಕ್ಕ ಅಷ್ಟು ಜೋರು ಬ್ಯಾಡ. ಹೋಗೋದಾದ್ರ ಮೆತ್ತನ ಕೈ ಹುಡುಕಿ ಹೋಗ್ರಿ. ಆರಾಮ ಅನಿಸಿದ್ರ ಛೊಲೋ, ಆ ಆರಾಮ ಇದ್ದಾಗ ಎದ್ದು ಅಡ್ಡಾಡ್ರಿ. ಮೆತ್ತನ ಕೈ ಬಾಗಲಾ ತಗೀತದ, ಒಳಗ ನಡದು ಹೋಗೋರು ನಾವ.

ನಡಿಯೋದಂದೆ. ಇದು ಸುಮ್ನ ಬಾಯಿಮಾತಲ್ಲ. 2024ರಾಗ ಆಸ್ಟ್ರೇಲಿಯಾದವರು 701 ಮಂದಿನ್ನ ತಗೊಂಡು ನೋಡಿದರು, ಎಲ್ಲಾರೂ ಒಮ್ಮೆ ಟೊಂಕ ನೋವು ಬಂದು ಆರಾಮ ಆದವರು. ಅರ್ಧ ಮಂದಿಗೆ ಮೆಲ್ಲಕ ಹೆಚ್ಚು ಮಾಡಿಕೋತ ವಾರಕ್ಕ ಐದು ದಿನ ಅರ್ಧ ತಾಸು ನಡೀರಿ ಅಂದ್ರು, ಫಿಜಿಯೋಥೆರಪಿಯವರು ನಡನಡುವ ತಿಳಿಸಿ ಹೇಳಿದರು. ಸುಮ್ನ ಇದ್ದವರಿಗೆ 112 ದಿನಕ್ಕ ನೋವು ತಿರುಗಿ ಬಂದ್ರ, ನಡದವರಿಗೆ 208 ದಿನದ ತನಕ ಬರಲಿಲ್ಲ. ಹತ್ತರ ಹತ್ತರ ಎರಡರಷ್ಟು. ಫೀ ಏನು? ಒಂದು ಜೋಡ ಚಪ್ಪಲ್.

ಜಾಗತಿಕ ಆರೋಗ್ಯ ಸಂಸ್ಥಾ, ಡಬ್ಲ್ಯುಎಚ್‌ಒ, 2023ರ ಡಿಸೆಂಬರಿನ್ಯಾಗ ಹಳೇ ಟೊಂಕ ನೋವಿಗೆ ಏನು ಮಾಡಬೇಕು, ಏನು ಬ್ಯಾಡ ಅಂತ ಪುಸ್ತಕಾ ತಂದದ. ವ್ಯಾಯಾಮ, ನೋವಿನ ಬಗ್ಗೆ ತಿಳುವಳಿಕಿ, ಮಸಾಜ್, ಕೈಯಿಂದ ಬೆನ್ನಿನ ಚಿಕಿತ್ಸಾ ಇವೆಲ್ಲಾ ಮಾಡಬಹುದು ಅನ್ನೋ ಪಟ್ಟಿಯೊಳಗ ಅವ. ಟೊಂಕದ ಪಟ್ಟಿ, ಎಳಿಯೋ ಟ್ರ್ಯಾಕ್ಷನ್ ಇವು ಬ್ಯಾಡ ಅನ್ನೋ ಪಟ್ಟಿಯೊಳಗ. ನಮ್ಮ ಓಣಿಯೊಳಗ ಸೀರಿ ಒಳಗ ಬೆಲ್ಟ್ ಕಟಕೊಂಡು ಅಡ್ಡಾಡೋರು ಎಷ್ಟು ಮಂದಿ ಇದ್ದೀರಿ ಅಂತ ನನಗ ಗೊತ್ತದ. ಹೆಸರು ಹೇಳಂಗಿಲ್ಲ. ಅದ ಸಂಸ್ಥಾ ಹೇಳೋದು, 2020ರಾಗ ಜಗತ್ತಿನ್ಯಾಗ 61 ಕೋಟಿ 90 ಲಕ್ಷ ಮಂದಿಗೆ ಟೊಂಕ ನೋವು ಇತ್ತು, ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. ಹಂಗಾದ್ರ ಮೂರನೇ ಜಗಳಕ್ಕ ಬರೂಣು.

"ಈ ವಯಸ್ಸಿಗೆ ಇರೋದ." ಯಾಕ ಇರೋದ? ನಮ್ಮ ಹುಬ್ಬಳ್ಳಿ ಧಾರವಾಡದಾಗ ಎಷ್ಟೋ ಓಣಿಗೆ ನೀರು ಬರೋದು ಎಂಟು ಹತ್ತು ದಿನಕ್ಕೊಮ್ಮೆ. ನೀರು ಬಿಟ್ಟ ದಿನ ಬಿಂದಗಿ, ಬಕೀಟು, ಡ್ರಮ್ಮು, ಹಂಡೆ, ಸಿಕ್ಕಿದ್ದೆಲ್ಲಾ ತುಂಬೋರು ಯಾರು? 15 ಲೀಟರ್ ನೀರು ಅಂದ್ರ 15 ಕಿಲೋ, ಬಿಂದಗಿ ತೂಕ ಬ್ಯಾರೆ. ತುಂಬಿದ ಗ್ಯಾಸ್ ಸಿಲಿಂಡರ್ ಸುಮಾರು 30 ಕಿಲೋ, ಅದನ್ನ ಉರುಳಿಸಿಕೋತ ಒಳಗ ತರೋರು ಯಾರು? ಒಗದ ಚಾದರ ಹಿಂಡಿ ಮಾಳಗಿ ಮ್ಯಾಲೆ ಒಯ್ಯೋರು? ಜಿಮ್ಮಿಗೆ ಹೋಗಿ 20 ಕಿಲೋ ಎತ್ತೋ ಮಗ ಮನ್ಯಾಗ ತನ್ನ ಊಟದ ತಾಟು ಎತ್ತಂಗಿಲ್ಲ. ಅವ್ವಗ 24 ಸಿಟಿಂಗಿಗೆ ರೊಕ್ಕ ಕಟ್ಟಲಿಕ್ಕೆ ತಯಾರ ಇದ್ದಾನ, 24 ದಿನ ನೀರು ತುಂಬು ಅಂದ್ರ ಆಫೀಸ್ ಮೀಟಿಂಗ್ ನೆನಪಾಗ್ತದ. ರೊಕ್ಕ ಕಟ್ಟೋದು ಪ್ರೀತಿ ಅಲ್ಲ ಅಂತ ನಾ ಅನ್ನಂಗಿಲ್ಲ. ಅದು ಸಸ್ತಾ ಪ್ರೀತಿ ಅಂತೀನಿ.

ಡಾಕ್ಟರ್ ಕಡೆ ಹೋದ್ರೂ ಅದ. ಗಂಡಸರಿಗೆ ಬೆನ್ನು ನೋವು ಅಂದ್ರ "ಕೆಲಸ ಏನ್ರಿ, ಎಷ್ಟು ತಾಸು ಕೂಡ್ತೀರಿ" ಅಂತ ಕೇಳ್ತಾರ. ನಮಗ "ಹೌಸ್‌ವೈಫ್ ಏನ್ರಿ" ಅಂತ ಕೇಳಿ ಕ್ಯಾಲ್ಶಿಯಂ ಗುಳಿಗಿ ಬರೀತಾರ. ಮುಂದಿನ ಸಲ ಹೋದಾಗ ಪಟ್ಟಿ ಮಾಡಿಕೊಂಡು ಹೋಗ್ರಿ: ಎಷ್ಟು ತಾಸು ನಿಂತೆ, ಎಷ್ಟು ಬಿಂದಗಿ ಎತ್ತಿದೆ, ಎಷ್ಟು ರೊಟ್ಟಿ ಬಡದೆ. ಹೇಳಿಕೊಳ್ಳಲಿಕ್ಕೆ ನಾಚಬ್ಯಾಡ್ರಿ. ಮೆಡಿಕಲ್ ಶಾಪಿನಿಂದ ನೋವಿನ ಗುಳಿಗಿ ತಂದು ತಿಂಗಳಾನುಗಟ್ಟಲೆ ನುಂಗೋದನ್ನೂ ಬಿಡ್ರಿ, ಟೊಂಕ ಉಳಿಸಲಿಕ್ಕೆ ಹೋಗಿ ಹೊಟ್ಟಿ, ಕಿಡ್ನಿ ಕೆಡಿಸಿಕೋತೀರಿ.

ಮೊಳಕಾಲಿನವರೂ ಕೇಳ್ರಿ. ಮೊಳಕಾಲು ಸವದದ ಅಂತ ಸುಮ್ನ ಕೂತ್ರ ತೊಡಿ ಸ್ನಾಯು ಸೊರಗತಾವ, ಭಾರ ಪೂರ್ತಿ ಕೀಲಿನ ಮ್ಯಾಲೆ ಬೀಳ್ತದ. ಗಟ್ಟಿ ಖುರ್ಚಿ ಮ್ಯಾಲೆ ಕೂತು, ಕೈ ಊರದ, ಮೆಲ್ಲಕ ಎದ್ದು ಮೆಲ್ಲಕ ಕೂಡ್ರಿ, ಹತ್ತು ಸಲ. ಕೂತಲ್ಲೇ ಒಂದು ಕಾಲು ಸೀದಾ ಚಾಚಿ ಐದು ಎಣಿಸಿ ಇಳಸ್ರಿ. ದಪ್ಪ ಇದ್ದವರು ಒಂದು ಕಿಲೋ ಇಳಿಸಿದ್ರ ಪ್ರತಿ ಹೆಜ್ಜಿಗೂ ಮೊಳಕಾಲಿನ ಮ್ಯಾಲಿನ ಭಾರ ನಾಕು ಕಿಲೋ ಇಳೀತದ ಅಂತ ಅಳದು ನೋಡ್ಯಾರ. ಅಡಗಿ ಕಟ್ಟಿ ಮುಂದ ನಿಂತಾಗ ಒಂದು ಸಣ್ಣ ಮಣಿ ಇಟಕೊಂಡು ಕಾಲು ಅದಲು ಬದಲು ಇಡ್ರಿ. ನೆಲದಿಂದ ಎತ್ತೋವಾಗ ಟೊಂಕ ಬಗ್ಗಿಸಿ ಎತ್ತಬ್ಯಾಡ್ರಿ, ಮೊಳಕಾಲು ಮಡಚಿ, ಸಾಮಾನು ಮೈಗೆ ಹತ್ತರ ಹಿಡದು ಏಳ್ರಿ.

ಒಂದು ಮಾತು ಮಾತ್ರ ನಗಿಯಾಟಕ್ಕಲ್ಲ. ಟೊಂಕ ನೋವಿನ ಜೊತಿಗೆ ಒಂದಕ್ಕ, ಎರಡಕ್ಕ ಹಿಡತ ತಪ್ಪಿದ್ರ, ತೊಡಿ ಸಂದಿಯೊಳಗ ಜೋಮು ಹಿಡದ್ರ, ಕಾಲು ಸೋತ್ರ, ಜ್ವರ ಬಂದ್ರ, ಕಾರಣಿಲ್ಲದ ತೂಕ ಇಳದ್ರ, ಬಿದ್ದ ಮ್ಯಾಲೆ ನೋವು ಶುರು ಆದ್ರ, ಮೊದಲು ಕ್ಯಾನ್ಸರ್ ಆಗಿದ್ರ, ಮೆತ್ತನ ಕೈನೂ ಬ್ಯಾಡ, ಜೋರು ಕೈನೂ ಬ್ಯಾಡ. ಸೀದಾ ದೊಡ್ಡ ದವಾಖಾನಿಗೆ ಹೋಗ್ರಿ. ಮೊದಲನೇ ಮೂರರಾಗ ಯಾವುದಿದ್ರೂ ಅವತ್ತ ಹೋಗ್ರಿ, ನಾಳಿ ಏಕಾದಶಿ, ನಾಡದು ಮಗಳು ಬರ್ತಾಳ ಅನ್ನಬ್ಯಾಡ್ರಿ.

ಉಳದವರೆಲ್ಲಾ, ಅಂದ್ರ ನಮ್ಮೊಳಗಿನ ಭಾಳ ಮಂದಿ, ಹಿಂಗ ಮಾಡ್ರಿ. ಕುತ್ತಿಗಿನ್ನ ಯಾರಿಗೂ ತಿರುವಲಿಕ್ಕೆ ಕೊಡಬ್ಯಾಡ್ರಿ, ಸಲೂನಿಗೂ ಇಲ್ಲ, ಪಾರ್ಲರಿಗೂ ಇಲ್ಲ, ಪ್ರೀತಿಯ ಅಳಿಯಗೂ ಇಲ್ಲ. ಚಿಕಿತ್ಸಾಕ್ಕ ಹೋದ್ರ ಆ ಮೂರು ಪ್ರಶ್ನೆ ಬಾಯಿ ಬಿಟ್ಟು ಕೇಳ್ರಿ. ಸಂಜಿ ಅರ್ಧ ತಾಸು ನಡೀಲಿಕ್ಕೆ ಹೊರಗ ಬರ್ರಿ, ನಾ ಆರು ಗಂಟೆಗೆ ಗುಡಿ ಮುಂದ ಇರ್ತೀನಿ, ಒಬ್ಬಾಕಿನ ನಡೀಲಿಕ್ಕೆ ಬ್ಯಾಸರಾಗ್ತದ. ಮತ್ತ ಮುಂದಿನ ಸಲ ನೀರು ಬಿಟ್ಟಾಗ ಬಿಂದಗಿ ನಳದ ಕೆಳಗ ಇಟ್ಟು, ತುಂಬಿದ ಮ್ಯಾಲೆ ಎತ್ತದ, ಒಳಗಿರೋರ ಹೆಸರು ಹಿಡದು ಜೋರಾಗಿ ಕರೀರಿ. ಬರೋ ತನಕ ಕರೀರಿ. ನೀರು ಹೊರಗ ಹರದ್ರ ಹರೀಲಿ.